ಉಚಿತ ಪ್ರಶ್ನೆ

ಹಣವಿದ್ದವರು ಸತ್ತವರನ್ನು ಎಷ್ಟು ಪ್ರಶ್ನೆ ಬೇಕಾದರೂ ಕೇಳಬಹುದು. ನಗರದ ಉಚಿತ ಕಾನೂನು ನೆರವು ಕೇಂದ್ರದಲ್ಲಿ ಸಿಗುವುದು ಒಂದೇ. ಮನೆಯನ್ನು ನನ್ನ ಹೆಸರಿಗೆ ಬರೆದ ಉಯಿಲನ್ನು ಎಲ್ಲಿಟ್ಟಿದ್ದೀಯ ಎಂದು ನಾನು ನನ್ನ ಗಂಡ ದಿವಾಕರನನ್ನು ಕೇಳಬೇಕಿತ್ತು. ಅದು ಸಿಗದಿದ್ದರೆ ಸೋಮವಾರ ಮನೆ ಭಾವನ ಪಾಲಾಗುತ್ತಿತ್ತು.

ವಕೀಲೆ ಜಯಶೀಲಾ ಪ್ರಶ್ನೆಯನ್ನು ಚೀಟಿಯಲ್ಲಿ ಬರೆದು ಕೊಟ್ಟರು. “ನೋಡ್ಕೊಂಡೇ ಓದಮ್ಮ. ಬಾಯಿತಪ್ಪಿ ಬೇರೆ ಏನಾದ್ರೂ ಕೇಳಿದ್ರೆ ಅಲ್ಲಿಗೆ ಮುಗೀತು.”

“ಎಂ.ಎ. ಮಾಡಿದೀನಿ ಮೇಡಂ. ಒಂದು ವಾಕ್ಯ ನೆನಪಿರಲ್ವಾ?” ಎಂದು ಚೀಟಿಯನ್ನು ಹಿಂದಿರುಗಿಸಿದೆ.

ಮೂರನೇ ಕಿಟಕಿಯಲ್ಲಿ ಫೋನು ಎತ್ತಿಕೊಂಡೆ.

“ಹಲೋ,” ಎಂದ ದಿವಾಕರ, ಮಧ್ಯಾಹ್ನ ಆಫೀಸಿನಿಂದ ಮಾತಾಡುತ್ತಿದ್ದ ಹಾಗೆಯೇ.

“ಊಟ ಆಯ್ತಾ?” ಎಂದೆ.

ಜಯಶೀಲಾ ಕಣ್ಣು ಮುಚ್ಚಿಕೊಂಡರು. ಗುಮಾಸ್ತ ತಲೆಯೆತ್ತದೆ ಟೈಪ್ ಮಾಡಿದ. “ಬೆಳಿಗ್ಗೆಯಿಂದ ಇದು ನಾಲ್ಕನೇದು ಮೇಡಂ,” ಎಂದ.

“ಇಲ್ಲ ಕಣೇ,” ಎಂದ ದಿವಾಕರ. “ನೀನು ಬರ್ಲಿ ಅಂತ ಕಾಯ್ತಿದೀನಿ.”

ಲೈನು ಕಡಿಯಿತು.

“ಭಾನುವಾರದೊಳಗೆ ಸಾಮಾನು ಕಟ್ಕೊಂಡಿರಮ್ಮ,” ಎಂದರು ಜಯಶೀಲಾ ಮೆಲ್ಲಗೆ. ಗುಮಾಸ್ತ ದಿವಾಕರನ ಉತ್ತರದ ಕೆಳಗೆ ನನ್ನ ಸಹಿ ಹಾಕಿಸಿಕೊಂಡ.

ನಾನು ಎದುರಿನ ಹೋಟೆಲಿನಲ್ಲಿ ಹೊಟ್ಟೆ ತುಂಬ ತಿಂದು ಬಂದಿದ್ದೆ.