ಉಕ್ಕಿದ ಹಾಲು, ಹಸಿದ ಕೌದಿ

ಹಾಲು ಉಕ್ಕಿ ಸೀದ ವಾಸನೆ ಬಂದರೆ ಈಗಲೂ ನನಗೆ ಜವಳಗೇರಾದ ಒಂದು ಮಧ್ಯಾಹ್ನ ನೆನಪಾಗುತ್ತದೆ.

ಅತ್ತೆ-ಸೊಸೆ ಮುನಿಸಿಕೊಂಡು ಮಾತು ಬಿಟ್ಟಿದ್ದರು. “ನಿಮ್ಮಜ್ಜಿಗಿ ಹಾಲು ನೋಡಾಕ ಹೇಳು” ಎಂದು ಅವ್ವ ಅಜ್ಜಿಯ ಎದುರಿಗೇ ನನಗೆ ಹೇಳಿ ನೀರಿಗೆ ಹೋದಳು.

ಅಜ್ಜಿ ಹೊದೆಯಲು ಹಳೆ ಸೀರೆಗಳ ಕೌದಿ ಹೊಲಿಯುತ್ತಿದ್ದಳು. ಪಕ್ಕದಲ್ಲಿ ನಾನು ‘ಅಬ್ಸಾರ್ಬ್ಡ್ ಇನ್ ವರ್ಕ್’ ಎಂದು ಬಾಯಿಪಾಠ ಮಾಡುತ್ತಿದ್ದೆ.

“ಹಂಗಂದ್ರ ಏನಲೇ?”

“ಕೆಲಸದಾಗ ಮುಳುಗಿ ಮೈಮ್ಯಾಲ ಖಬರ್ ಇರಂಗಿಲ್ಲ ನೋಡು, ಅದು.”

ಅಜ್ಜಿ ತಲೆಯಾಡಿಸಿ ಮತ್ತೆ ಸೂಜಿ ಚುಚ್ಚಿದಳು.

ಕೊಡ ಹೊತ್ತು ಬಂದ ಅವ್ವ ಒಲೆ ನೋಡಿ, ಮುನಿಸು ಮರೆತು ಕೂಗಿದಳು: “ಅತ್ತೀ, ಹಾಲು ಉಕ್ಕಿ ಹೋಗೇತಲ್ರೀ!”

ಅಜ್ಜಿ ಕಣ್ಣೆತ್ತಲಿಲ್ಲ. “ನಾ ಅಬ್ಸಾರ್ಬ್ಡ್ ಇನ್ ವರ್ಕ್ ಆಗಿದ್ದೆ ಬಿಡವಾ.”

ಅವ್ವ ಸೆರಗನ್ನು ಬಾಯಿಗೆ ಒತ್ತಿ ನಗು ತಡೆದಳು. ಒಲೆ ಒರೆಸಿ, ಉಳಿದ ಹಾಲನ್ನು ಮತ್ತೆ ಕಾಯಲಿಟ್ಟು, ನಮ್ಮ ಕಡೆ ಕೌದಿಗೂ ಉಣಿಸುವ ವಾಡಿಕೆಯಂತೆ ರೊಟ್ಟಿಯ ಚೂರೊಂದನ್ನು ಅಜ್ಜಿಯ ಮುಂದಿಟ್ಟಳು. “ಮೂಲ್ಯಾಗ ಇಟ್ಟು ಹೊಲೀರಿ. ಹಸದ ಕೌದಿ ಬೆಚ್ಚಗ ಇರಂಗಿಲ್ಲ.” ತಾನೂ ಸೂಜಿಗೆ ದಾರ ಪೋಣಿಸಿಕೊಂಡು ಕೌದಿಯ ಆಚೆ ಅಂಚಿಗೆ ಕೂತಳು. ಇಬ್ಬರೂ ಏನೇನೋ ಮಾತಾಡುತ್ತಾ ಹೊಲಿದರು.

ಆ ಹಾಲೂ ಉಕ್ಕಿತು. ಇಬ್ಬರಿಗೂ ಖಬರಿರಲಿಲ್ಲ.