ಜರೀನಾಳ ಹಿತ್ತಲ ಮಲ್ಲಿಗೆ

“ಇನ್ಮ್ಯಾಲೆ ಹಡಗಲಿ ಕೈತೋಟ ಸಂಘದವರಿಗೆ ಗಿಡದ ಒಂದು ಕಡ್ಡೀನೂ ಕೊಡಂಗಿಲ್ಲ, ಅವರ ಒಂದು ಹೂವೂ ನಮಗ ಬ್ಯಾಡ!” ಕೊಟ್ಟೂರು ಸಂಘದ ಹೊಸ ಅಧ್ಯಕ್ಷ ಗುರುಬಸವರಾಜ ಕೊರಳ ಮಲ್ಲಿಗೆ ಮಾಲೆ ಸರಿಪಡಿಸಿಕೊಳ್ಳುತ್ತ ಘೋಷಿಸಿದ.

ಆಗಷ್ಟೇ ಅಧ್ಯಕ್ಷರ ಕುರ್ಚಿ ಬಿಟ್ಟುಕೊಟ್ಟಿದ್ದ ಜಂಬಕ್ಕ ಎದ್ದಳು. ಅವನನ್ನು ಅಭಿನಂದಿಸಲು ಹಡಗಲಿ ಸಂಘದಿಂದ ಬಂದಿದ್ದ ಅವಳ ಹಳೇ ಗೆಳತಿ ಜರೀನಾ ಹಿಂದಿನ ಸಾಲಿನಲ್ಲಿ ತಲೆ ತಗ್ಗಿಸಿ ಕೂತಿದ್ದಳು.

“ಹಂಗಾರ ಆ ಮಾಲಿ ತೆಗೀರಿ ಅಧ್ಯಕ್ಷರ. ಅದು ಜರೀನಾನ ಹಿತ್ತಲದ್ದು.”

“ಸಭಾ ನಡದೈತಿ, ಕುಂದರ್ರಿ ಯಕ್ಕಾ!”

ಜಂಬಕ್ಕ ಕೂರಲಿಲ್ಲ. ಅವನ ಕೊರಳಿನಿಂದ ಮಾಲೆ ತೆಗೆದು ಜರೀನಾಳಿಗೆ ಹಾಕಿದಳು. “ನಡಿಯಲೇ, ನಮ್ಮನಿಯಾಗ ಬೇಕಾದಷ್ಟು ಕಡ್ಡಿ ಅದಾವು,” ಎಂದು ಕೈ ಹಿಡಿದು ಹೊರಟಳು. ಆ ಪರಿಮಳಕ್ಕೆ ಹಡಗಲಿಯಿಂದ ಜರೀನಾಳ ಬಸ್ಸಿನ ಹಿಂದೆಯೇ ಹಾರಿಬಂದಿದ್ದ ಜೇನುಹುಳಗಳು ಮೊದಲು ಎದ್ದು ಮಾಲೆಯ ಬೆನ್ನು ಹತ್ತಿದವು. ಆಮೇಲೆ ಸದಸ್ಯರು ಎದ್ದರು.