ಹಾಳೆಯ ಹಿಂಬದಿ

ಫ್ರೇಮ್ ಅಂಗಡಿಯವನು ಹಾಳೆಯನ್ನು ಮೇಜಿನ ಮೇಲೆ ಹರಡಿ, ಅಂಗೈಯಿಂದ ಸವರಿ, ಚಿತ್ರದ ಮಗ್ಗುಲನ್ನು ಮೇಲೆ ಮಾಡಿಕೊಂಡ. ಯಾವ ಕಡೆ ಎಂದು ಕೇಳಲೂ ಇಲ್ಲ.

"ಆ ಕಡೆ ಅಲ್ಲ. ತಿರುಗಿಸಿ," ಎಂದಳು ಅವಳು.

ತಿರುಗಿಸಿದ. ಇಪ್ಪತ್ತೆರಡು ಸಾಲಿನ ಒಂದು ಕವಿತೆ, ಕೆಳಗೆ ಅವಳ ಹೆಸರು. ಮತ್ತೆ ತಿರುಗಿಸಿದ. ರೆಕ್ಕೆ ಬಿಚ್ಚಿದ ತಿಮಿಂಗಿಲವೊಂದು ಬಾಯಲ್ಲಿ ಚಂದ್ರನನ್ನು ಕಚ್ಚಿಕೊಂಡು ಊರಿನ ಮಾಳಿಗೆಗಳ ಮೇಲೆ ತೇಲಿ ಹೋಗುತ್ತಿತ್ತು.

"ಇದನ್ನ ಬಿಟ್ಟು ಅದನ್ನಾ?" ಎಂದ. ದನಿಯಲ್ಲಿ ಕೊಂಕೇನೂ ಇರಲಿಲ್ಲ. ಅದೇ ಅವಳಿಗೆ ಹೆಚ್ಚು ಚುಚ್ಚಿತು.

ಒಂಬತ್ತು ವರ್ಷ ಪತ್ರಿಕೆಗಳಿಗೆ ಕವಿತೆ ಕಳಿಸಿ ಕಳಿಸಿ ಕೈ ಸೋತ ಮೇಲೆ, ಮೂರು ತಿಂಗಳಿಗೊಮ್ಮೆ ಬರುವ ಈ ತೆಳು ಕಾಗದದ ಪುಟ್ಟ ಪತ್ರಿಕೆ ಅವಳ ಕವಿತೆಯೊಂದನ್ನು ತೆಗೆದುಕೊಂಡಿತ್ತು. ಎರಡು ಚಂದ್ರರಿದ್ದ ಲೋಕದಲ್ಲಿ ಒಂದು ಚಂದ್ರ ಸತ್ತುಹೋದಾಗ ಕಡಲು ಏನು ಮಾಡಿತು ಎಂಬ ಕವಿತೆ. ಇದಕ್ಕೊಂದು ಚಿತ್ರವಿದ್ದರೆ ಚೆನ್ನ ಎಂದು ಸಂಪಾದಕರು ಬರೆದಾಗ, ಮನೆಯಲ್ಲೇ ಬಿಡಿಸುವವಳಿದ್ದಾಳೆ ಎಂದು ಬಾಯಿ ಬಿಟ್ಟವಳು ಅವಳೇ. ನಾದಿನಿ ಪುಟ್ಟಿ ಕವಿತೆಯನ್ನು ಒಂದು ಸಲ ಓದಿ, ಮಧ್ಯಾಹ್ನದ ಊಟಕ್ಕೂ ಸಂಜೆಯ ಚಹಾಕ್ಕೂ ನಡುವೆ ಚಿತ್ರ ಮುಗಿಸಿಬಿಟ್ಟಳು. ಕವಿತೆಯಲ್ಲಿ ತಿಮಿಂಗಿಲವೇ ಇರಲಿಲ್ಲ. ಆಮೇಲೆ ಬಂದ ಸಂಪಾದಕರ ಪತ್ರದಲ್ಲಿ ಕವಿತೆಗೆ ಒಂದು ಸಾಲು, ತಿಮಿಂಗಿಲಕ್ಕೆ ಏಳು. ತಲಾ ಒಂದೇ ಪ್ರತಿ ಬಂದಿತ್ತು. ತನ್ನ ಪ್ರತಿಯನ್ನು ನಾದಿನಿ ಆಗಲೇ ಇನ್ನೊಂದು ಪತ್ರಿಕೆಗೆ ಮಾದರಿಯೆಂದು ಕಳಿಸಿದ್ದಳು. ಉಳಿದ ಪ್ರತಿಯಿಂದ, ಅಂದರೆ ಅವಳ ಪ್ರತಿಯಿಂದ, ಗಂಡ ಈ ಹಾಳೆಯನ್ನು ಜೋಪಾನವಾಗಿ ಬಿಡಿಸಿ ಕೈಗಿಟ್ಟಿದ್ದ.

"ಪುಟ್ಟೀದಕ್ಕೆ ಒಂದು ಫ್ರೇಮ್ ಹಾಕಿಸ್ಕೊಂಡು ಬಾ. ಹಾಲ್‌ನ ಗೋಡೆಗೆ ಹಾಕೋಣ."

ಅವಳು ಹಾಳೆ ತಿರುಗಿಸಿದಾಗ, "ಹಿಂದೆ ನಿಂದೂ ಇದೆಯಲ್ಲ," ಎಂದು ಸೇರಿಸಿದ್ದ.

"ಒಂದು ಕೆಲಸ ಮಾಡೋಣಮ್ಮ," ಎಂದ ಅಂಗಡಿಯವನು. "ಎರಡೂ ಕಡೆ ಗಾಜು ಹಾಕಿಕೊಡ್ತೀನಿ. ಒಂದು ವಾರ ಇದು, ಒಂದು ವಾರ ಅದು. ಜಗಳಾನೇ ಇರಲ್ಲ."

"ಜಗಳ ಇದೆ ಅಂತ ಯಾರು ಹೇಳಿದ್ರು ನಿಮಗೆ?"

ಅವನು ಅಳತೆಪಟ್ಟಿ ಹುಡುಕುವವನಂತೆ ಬಗ್ಗಿದ. ಎರಡು ಗಾಜು ಹಾಕಿಸಿದರೆ ಏನಾಗುತ್ತದೆಂದು ಅವಳಿಗೆ ಗೊತ್ತಿತ್ತು. ಮೊದಲ ವಾರ ಕವಿತೆ, ಎರಡನೆಯ ವಾರ ತಿಮಿಂಗಿಲ. ಆಮೇಲೆ ಆ ಮೊಳೆಯ ಹತ್ತಿರ ಯಾರ ಕೈಯೂ ಹೋಗುವುದಿಲ್ಲ.

ಅಷ್ಟರಲ್ಲಿ ಫೋನ್ ಬಂತು. ನಾದಿನಿ.

"ಅತ್ತಿಗೆ, ಅಂಗಡೀಲಿದೀರಾ? ಅಣ್ಣ ನನ್ನ ಚಿತ್ರಾನೇ ಮುಂದೆ ಬರಲಿ ಅಂತ ಹೇಳಿಕಳಿಸಿದಾನಂತೆ. ಅವನ ಮಾತೇನು ಕೇಳ್ತೀರಾ? ನಿಮ್ಮ ಪದ್ಯದ ಕಡೇನೇ ಹಾಕಿಸಿ."

ಪತ್ರಿಕೆ ಬಂದಾಗಿನಿಂದ ಬಿಗಿದಿದ್ದ ಅವಳ ಮುಖ ಕೊಂಚ ಸಡಿಲವಾಯಿತು. "ಪರವಾಗಿಲ್ಲ ಬಿಡು ಪುಟ್ಟಿ, ನಿನ್ನದೇ ಇರಲಿ," ಎಂದು ಮೇಲುಮಾತಿಗೆ ಅಂದಳು.

"ಅಯ್ಯೋ, ನನ್ನದೇನು, ಇನ್ನೂ ಬರ್ತಾನೇ ಇರ್ತವೆ. ಆ ಸಂಪಾದಕರು ಮುಂದಿನ ಸಂಚಿಕೆಗೆ ಮುಖಪುಟಾನೇ ಬರೆದುಕೊಡು ಅಂದಿದಾರೆ, ನಿಮಗೆ ಹೇಳೇ ಇಲ್ಲ ನೋಡಿ. ನಿಮ್ಮದು ಇಷ್ಟು ವರ್ಷಕ್ಕೆ ಇದೊಂದೇ ಅಲ್ವಾ ಅತ್ತಿಗೆ. ಗೋಡೆ ಮೇಲಿರಲಿ, ಪಾಪ."

ಅವಳು ಫೋನನ್ನು ಚೀಲದೊಳಗೆ ಹಾಕಿ, ಜಿಪ್ ಎಳೆದು, ಅದು ಪೂರ್ತಿ ಮುಚ್ಚಿತೇ ಎಂದು ಇನ್ನೊಮ್ಮೆ ನೋಡಿದಳು.

"ರಟ್ಟಿಗೆ ಅಂಟಿಸಿಬಿಡಿ," ಎಂದಳು.

"ಅಂಚಿಗೆ ಟೇಪ್ ಸಾಕಮ್ಮ."

"ಪೂರ್ತಿ ಅಂಟಿಸಿ. ಈ ಮೂಲೆಯಿಂದ ಆ ಮೂಲೆಗೆ. ಗೋಂದು ಹಚ್ಚಿ."

"ಚಿತ್ರ ಹೋಯ್ತು ಅಂತ ತಿಳ್ಕೊಳ್ಳಿ ಹಾಗಾದ್ರೆ. ನಾಳೆ ಯಾರಾದ್ರೂ ಬಿಡಿಸಿಕೊಡು ಅಂತ ಬಂದ್ರೆ ನನ್ನ ಕೈಲಾಗಲ್ಲ."

"ಯಾರೂ ಬರಲ್ಲ."

ಅವನು ಅವಳ ಮುಖ ನೋಡಿದ, ಚಿತ್ರವನ್ನು ನೋಡಿದ, ಗೋಂದಿನ ಡಬ್ಬಿಯ ಮುಚ್ಚಳ ತೆಗೆದ. ಬ್ರಷ್ಷು ಬಾಲದಿಂದ ಶುರುವಾಯಿತು. ಹೊಟ್ಟೆ ಹೋಯಿತು, ಒಂದು ರೆಕ್ಕೆ ಹೋಯಿತು, ಇನ್ನೊಂದು ರೆಕ್ಕೆ ಹೋಯಿತು. ಬಾಯಲ್ಲಿದ್ದ ಚಂದ್ರ ಕೊನೆಗೆ. ಅವಳು ರೆಪ್ಪೆ ಮಿಟುಕಿಸದೆ ನೋಡಿದಳು. ಒಂದಿಷ್ಟು ನಾಚಿಕೆಯಾಯಿತು, ಆದರೆ ಹೊಟ್ಟೆ ತಣ್ಣಗಾದದ್ದೇ ಹೆಚ್ಚು.

ಅವನು ಹಾಳೆಯನ್ನೆತ್ತಿ ಬಿಳಿ ರಟ್ಟಿನ ಮೇಲೆ ಬೋರಲು ಹಾಕಿ, ಬಟ್ಟೆಯಿಂದ ನಡುವಿನಿಂದ ಅಂಚಿಗೆ ಒತ್ತುತ್ತ ಬಂದ. ಕವಿತೆ ಮೇಲೆ ಬಂತು, ಇಪ್ಪತ್ತೆರಡು ಸಾಲೂ, ಹೆಸರೂ.

ಮೂರನೆಯ ಸಾಲಿನ ಕೆಳಗೆ ಬೂದು ಬಣ್ಣದ ಮಚ್ಚೆಯೊಂದು ಕಂಡಿತು.

"ಅಲ್ಲಿ ಗಾಳಿ ಉಳಿದಿದೆ. ಒತ್ತಿ."

ಒತ್ತಿದ. ಮಚ್ಚೆ ಇನ್ನೂ ಕಪ್ಪಾಯಿತು, ದುಂಡಗಾಯಿತು, ಕಣ್ಣಾಯಿತು. ತೆಳು ಕಾಗದ ಗೋಂದಿನ ನೀರು ಕುಡಿಯುತ್ತಿದ್ದಂತೆ ಎರಡೂ ಅಂಚುಗಳತ್ತ ರೆಕ್ಕೆಗಳು ಹರಡಿಕೊಂಡವು. ಆಚೆ ಮುಖ ಮಾಡಿದ್ದ ತಿಮಿಂಗಿಲ ಈಗ ಈಚೆ ಮುಖ ಮಾಡಿ, ಅವಳ ಸಾಲುಗಳ ನಡುವಿನಿಂದ ಮೆಲ್ಲನೆ ಮೇಲೆದ್ದು ಬಂತು.

"ಒಣಗಿದ ಮೇಲೆ ಹೋಗುತ್ತಲ್ವಾ?" ಅವಳ ದನಿ ಅವಳಿಗೇ ಸಣ್ಣದಾಗಿ ಕೇಳಿಸಿತು.

"ಅರ್ಧ ಹೋಗುತ್ತೆ."

ಅವನು ರಟ್ಟನ್ನು ಗೋಡೆಗೆ ಒರಗಿಸಿ ಎರಡು ಹೆಜ್ಜೆ ಹಿಂದೆ ಸರಿದ. ಕತ್ತು ವಾರೆ ಮಾಡಿದ. ಅವನ ತುಟಿಗಳು ಮೊದಲನೆಯ ಸಾಲಿನ ಮೇಲೆ, ಎರಡನೆಯದರ ಮೇಲೆ, ಮೂರನೆಯದರ ಮೇಲೆ ಮೆಲ್ಲಗೆ ಆಡತೊಡಗಿದವು.

"ಈಗ ನೋಡಿ ಅಮ್ಮ," ಎಂದ, "ಈಗ ಓದಬೇಕು ಅನ್ನಿಸ್ತಾ ಇದೆ."